ಲೀಕ್ ಈರುಳ್ಳಿಗೆ ದಾಯಾದಿ, ತಮ್ಮನಲ್ಲ

ಮಾನ್ಯ ಸಂಪಾದಕರೇ,

ಕೈತೋಟದ ಅಂಕಣಗಳಲ್ಲೂ ಅಡುಗೆ ಪುಟಗಳಲ್ಲೂ ಲೀಕ್ ಎಂಬ, ಉದ್ದ ಬಿಳಿ ಬುಡ, ಚಪ್ಪಟೆ ಹಸಿರೆಲೆಯ ತರಕಾರಿಯ ಬಗ್ಗೆ ಬರುವ ಮಾತು ಸಾಮಾನ್ಯವಾಗಿ ಒಂದೇ ಸಾಲಿನದು: "ಈರುಳ್ಳಿಯಂತೆಯೇ ಬೆಳೆಯಿರಿ, ಈರುಳ್ಳಿಯಂತೆಯೇ ಬಳಸಿ." ಇದನ್ನು ನಂಬಿ ಬೀಜ ಬಿತ್ತಿದವರಿಗೆ ಐದಾರು ತಿಂಗಳ ನಂತರ ಸಿಗುವುದು ಎರಡು ಬೆರಳು ಬಿಳಿ ಕಾಂಡ, ಒಂದು ಮೊಳ ಹಸಿರು ನಾರು. ಇದನ್ನೇ ನಂಬಿ ಬಾಣಲೆಗೆ ಹಾಕಿದವರಿಗೆ ಸಿಗುವುದು ಅಂಚು ಕಪ್ಪಾಗಿ, ಒಳಗೆ ಹಸಿಯಾಗಿ, ಹಲ್ಲಿಗೆ ಮರಳು ಸಿಕ್ಕುವ ಅಡುಗೆ. ಆಮೇಲೆ "ಲೀಕ್ ನಮಗೆ ಹಿಡಿಸಲಿಲ್ಲ" ಎಂದು ಗಿಡದ ಮೇಲೆ ಅಪವಾದ ಹೊರಿಸಲಾಗುತ್ತದೆ. ಇನ್ನು ಮುಂದೆ ಈ ತರಕಾರಿಯ ಬಗ್ಗೆ ಅಚ್ಚು ಹಾಕುವಾಗ "ಈರುಳ್ಳಿಯಂತೆಯೇ" ಎಂಬ ಮಾತನ್ನು ದಯವಿಟ್ಟು ಕೈಬಿಡಿ. ಅದರ ಬದಲು ಏನು ಹೇಳಬಹುದೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಎರಡೂ ಆಲಿಯಮ್ ಕುಲದವು, ಅಷ್ಟರಮಟ್ಟಿಗೆ ದಾಯಾದಿಗಳು. ಈರುಳ್ಳಿ ಆಲಿಯಮ್ ಸೀಪಾ. ಲೀಕ್ ಆಲಿಯಮ್ ಆಂಪೆಲೊಪ್ರೇಸಮ್. ಬೆಳ್ಳುಳ್ಳಿಯನ್ನು ಹೋಲುವ, ಅಂಗೈ ತುಂಬುವ ಗಾತ್ರದ ಎಲಿಫೆಂಟ್ ಗಾರ್ಲಿಕ್ ಕೂಡ ಇದೇ ಪ್ರಭೇದ, ಹಾಗಾಗಿ ಲೀಕಿಗೆ ಒಡಹುಟ್ಟಿದ್ದು ಯಾವುದೆಂದರೆ ಅದು. ಗುರುತು ಹಿಡಿಯಲು ಎಲೆ ಸಾಕು. ಈರುಳ್ಳಿಯ ಎಲೆ ಒಳಗೆ ಟೊಳ್ಳಾದ ಕೊಳವೆ. ಲೀಕಿನ ಎಲೆ ಚಪ್ಪಟೆ, ನಡುವೆ ಮಡಚಿದ ಪುಸ್ತಕದಂತೆ, ಎಡಕ್ಕೊಂದು ಬಲಕ್ಕೊಂದು ಬೀಸಣಿಗೆಯಾಗಿ ಜೋಡಿಸಿಕೊಂಡದ್ದು. ಎಳೆ ಈರುಳ್ಳಿ ಸೊಪ್ಪನ್ನು ಲೀಕ್ ಎಂದು ಕೊಟ್ಟರೆ ಒಂದು ಎಲೆಯನ್ನು ಅಡ್ಡ ಕತ್ತರಿಸಿದರೆ ಸಂಶಯ ಮುಗಿಯಿತು.

ಮುಖ್ಯ ವ್ಯತ್ಯಾಸ ನೆಲದೊಳಗಿದೆ. ಈರುಳ್ಳಿ ತನ್ನ ಆಹಾರವನ್ನು ಗೆಡ್ಡೆಯಲ್ಲಿ ಕೂಡಿಡುತ್ತದೆ. ದಿನದ ಬೆಳಕಿನ ಅವಧಿ ತಕ್ಕಷ್ಟು ಉದ್ದವಾದಾಗ ಗೆಡ್ಡೆ ತಾನಾಗಿ ಉಬ್ಬುತ್ತದೆ, ನಾವು ಮಾಡಬೇಕಾದ್ದು ಕಡಿಮೆ. ಲೀಕಿನಲ್ಲಿ ಹಾಗೆ ಉಬ್ಬುವ ಗೆಡ್ಡೆ ಇಲ್ಲ. ನಾವು ತಿನ್ನುವ ಬಿಳಿ "ಕಾಂಡ" ನಿಜಕ್ಕೂ ಕಾಂಡವೇ ಅಲ್ಲ. ಅದು ಒಂದರೊಳಗೊಂದು ಸುತ್ತಿಕೊಂಡ ಎಲೆಬುಡಗಳ ಕಟ್ಟು. ನಿಜವಾದ ಕಾಂಡ ಬೇರಿನ ಮೇಲೆ ಬಿಲ್ಲೆಯಂತೆ ಕೂತಿರುವ ತೆಳು ಭಾಗ. ಎಲೆಬುಡ ಬೆಳಕಿಗೆ ಬಿದ್ದಲ್ಲಿ ಹಸಿರಾಗುತ್ತದೆ, ಗಡುಸಾಗುತ್ತದೆ. ಬೆಳಕು ತಾಗದಲ್ಲಿ ಬಿಳಿಯಾಗಿ, ಮೃದುವಾಗಿ, ಸಿಹಿಯಾಗಿ ಉಳಿಯುತ್ತದೆ. ಅಂದರೆ ಲೀಕಿನ ಬಿಳಿಭಾಗ ಬೆಳೆಗಾರನ ಕೈಕೆಲಸ. ಗುಣಿ ಎಷ್ಟು ಆಳ ಮಾಡಿದಿರಿ, ಮಣ್ಣು ಎಷ್ಟು ಏರಿಸಿದಿರಿ ಎಂಬುದರ ಅಳತೆಯೇ ಅಡುಗೆಮನೆಗೆ ಬರುವ ಬಿಳಿಯ ಅಳತೆ.

ಬೀಜದಿಂದ ಶುರು ಮಾಡೋಣ. ಲೀಕ್ ಬೀಜ ಕಪ್ಪು, ಮೂಲೆ ಮೂಲೆಯಾದದ್ದು. ಒಂದು ಗ್ರಾಂಗೆ ಸುಮಾರು 350ರಿಂದ 400 ಬೀಜ ಬರುತ್ತವೆ. ಇದರ ಆಯುಸ್ಸು ಕಡಿಮೆ. ತಂಪಾಗಿ ಒಣಗಿಸಿಟ್ಟರೂ ಎರಡನೆಯ ವರ್ಷಕ್ಕೆ ಮೊಳಕೆಯ ಪ್ರಮಾಣ ಬಿದ್ದುಹೋಗಿರುತ್ತದೆ. ಹಳೆಯ ಪೊಟ್ಟಣವಿದ್ದರೆ ಒದ್ದೆ ಕಾಗದದಲ್ಲಿ 20 ಬೀಜ ಸುತ್ತಿಟ್ಟು, ಎರಡು ವಾರದಲ್ಲಿ ಎಷ್ಟು ಒಡೆದವೆಂದು ಎಣಿಸಿ. ಹತ್ತಕ್ಕಿಂತ ಕಡಿಮೆಯಾದರೆ ಹೊಸದನ್ನು ತರುವುದೇ ವಾಸಿ. ಮೊಳಕೆಗೆ ಒಪ್ಪುವ ಮಣ್ಣಿನ ಉಷ್ಣತೆ 15ರಿಂದ 22 ಡಿಗ್ರಿ ಸೆಲ್ಸಿಯಸ್. 25 ದಾಟಿದರೆ ಮೊಳಕೆ ಕುಗ್ಗುತ್ತದೆ. ಬಿಸಿಲಿನ ದಿನಗಳಲ್ಲಿ "ಬೀಜ ಕೆಟ್ಟದ್ದು" ಎನ್ನುವ ದೂರಿನ ಹಿಂದೆ ಬಹುತೇಕ ಇರುವುದು ಕಾದ ಟ್ರೇ. ನೆರಳಿನಲ್ಲಿಟ್ಟು, ಮೇಲೆ ಒದ್ದೆ ಗೋಣಿ ಹೊದಿಸಿ, ಮೊಳಕೆ ಕಂಡ ದಿನವೇ ಗೋಣಿ ತೆಗೆದರೆ ಕೆಲಸ ನಡೆಯುತ್ತದೆ.

ಇದು ತಂಪು ಹವೆಯ ಬೆಳೆ. ಚಳಿಗಾಲದಲ್ಲಿ ಹಿಮ ಬೀಳುವ ಕಡೆ ವಸಂತದ ಆರಂಭದಲ್ಲಿ ಬಿತ್ತುತ್ತಾರೆ. ಬೇಸಿಗೆ ಕಾಯುವ ಕಡೆ, ಗಿಡ ದಪ್ಪವಾಗುವ ಕೊನೆಯ ಮೂರು ತಿಂಗಳು ವರ್ಷದ ತಂಪು ತಿಂಗಳುಗಳಿಗೆ ಹೊಂದುವಂತೆ ಹಿಂದಕ್ಕೆ ಎಣಿಸಿ ಬಿತ್ತಬೇಕು. ಸಸಿಗೆ 8ರಿಂದ 12 ವಾರ, ನಾಟಿಯಾದ ಮೇಲೆ ತಳಿಯನ್ನು ನೋಡಿಕೊಂಡು 100ರಿಂದ 150 ದಿನ ಎಂದು ಲೆಕ್ಕ ಹಿಡಿಯಿರಿ. ತಳಿಯ ವಿಷಯದಲ್ಲಿ ಒಂದೇ ಮಾತು. ಎಲೆ ತಿಳಿಹಸಿರಾಗಿ ಕಾಂಡ ಸಪೂರಾಗಿ ನೀಳವಾಗಿರುವವು ಬೇಗ ಬರುತ್ತವೆ, ಚಳಿ ತಡೆಯುವುದಿಲ್ಲ. ಕಿಂಗ್ ರಿಚರ್ಡ್ ಈ ಗುಂಪಿನದು. ಎಲೆ ನೀಲಿಹಸಿರಾಗಿ ಕಾಂಡ ಗಿಡ್ಡ, ದಪ್ಪ ಇರುವವು ನಿಧಾನ, ಆದರೆ ಗಟ್ಟಿಮುಟ್ಟು. ಸ್ಕಾಟ್ಲೆಂಡಿನ ಮಸಲ್‌ಬರೋ, ಫ್ರಾನ್ಸಿನ ಬ್ಲೂ ದ ಸೊಲೇಸ್ ಹಾಗೆ. ಸೆಕೆಯ ಪ್ರದೇಶದವರು ಮೊದಲ ಗುಂಪನ್ನು ಆರಿಸಿಕೊಂಡರೆ ನಿರಾಶೆ ಕಡಿಮೆ.

ಬಿತ್ತನೆಗೆ ಕನಿಷ್ಠ 8 ಸೆಂಟಿಮೀಟರ್ ಆಳದ ಟ್ರೇ ಬೇಕು. ಜರಡಿ ಹಿಡಿದ ಕಾಂಪೋಸ್ಟ್ ಎರಡು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ದಪ್ಪ ಮರಳು ಅರ್ಧ ಪಾಲು ಸಾಕು. ಬೀಜ 1 ಸೆಂಟಿಮೀಟರ್ ಆಳಕ್ಕೆ, ಒಂದಕ್ಕೊಂದು 1ರಿಂದ 2 ಸೆಂಟಿಮೀಟರ್ ಅಂತರದಲ್ಲಿ. ಎಂಟರಿಂದ ಹದಿನಾಲ್ಕು ದಿನದಲ್ಲಿ ಮೊಳಕೆ ಕೂದಲಪಿನ್ನಿನಂತೆ ಬಾಗಿಕೊಂಡು ಮೇಲೆ ಬರುತ್ತದೆ, ತುದಿ ಇನ್ನೂ ಮಣ್ಣಿನಲ್ಲಿ ಬೀಜದ ಸಿಪ್ಪೆಗೆ ಅಂಟಿಕೊಂಡಿರುತ್ತದೆ. ಅದನ್ನು ನೆಟ್ಟಗೆ ಮಾಡುತ್ತೇನೆಂದು ಎಳೆಯಬೇಡಿ, ಕಿತ್ತುಬರುತ್ತದೆ. ನಾಲ್ಕೈದು ದಿನದಲ್ಲಿ ತಾನೇ ಬಿಡಿಸಿಕೊಳ್ಳುತ್ತದೆ. ಈ ಹಂತದಲ್ಲಿ ಸಸಿ ಬುಡ ಕೊಳೆತು ಮಲಗಿದರೆ ಕಾರಣ ಒದ್ದೆ ಹೆಚ್ಚು, ಗಾಳಿ ಕಡಿಮೆ. ನೀರನ್ನು ಮೇಲಿನಿಂದ ಹುಯ್ಯದೆ ಟ್ರೇಯ ತಳದಿಂದ ಹೀರಿಸಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ಮತ್ತೆ ಕೊಡಿ. ಆರನೆಯ ವಾರದಿಂದ ಸಸಿ ಹಳದಿಯಾಗತೊಡಗಿದರೆ ಟ್ರೇಯ ಗೊಬ್ಬರ ಮುಗಿದಿದೆ ಎಂದರ್ಥ. ತೆಳುಮಾಡಿದ ದ್ರವಗೊಬ್ಬರವನ್ನು ವಾರಕ್ಕೊಮ್ಮೆ ಕೊಟ್ಟರೆ ಸರಿಹೋಗುತ್ತದೆ.

ಸಸಿ ಪೆನ್ಸಿಲ್ ದಪ್ಪವಾಗಿ, 20ರಿಂದ 25 ಸೆಂಟಿಮೀಟರ್ ಎತ್ತರವಾದಾಗ ನಾಟಿಗೆ ತಯಾರು. ಅವಸರಪಟ್ಟು ಕಡ್ಡಿಯಷ್ಟು ಸಪೂರ ಸಸಿ ನೆಟ್ಟರೆ ಆಳದ ಗುಣಿಯಲ್ಲಿ ಅದರ ಎಲೆಯೆಲ್ಲ ಮುಳುಗಿ ಉಸಿರು ಕಟ್ಟುತ್ತದೆ. ಮಡಿಯನ್ನು ಮೊದಲೇ ಅಗೆದು, ಚದರ ಮೀಟರಿಗೆ ಸುಮಾರು 5 ಕಿಲೋ ಚೆನ್ನಾಗಿ ಕಳಿತ ಗೊಬ್ಬರ ಸೇರಿಸಿರಬೇಕು. ಹಸಿ ಗೊಬ್ಬರ ಬೇಡ. ಮಣ್ಣಿನ ರಸಸಾರ (pH) 6.5ರಿಂದ 7ರ ಸುತ್ತ ಇದ್ದರೆ ಒಳ್ಳೆಯದು. 6ಕ್ಕಿಂತ ಹುಳಿಯಾದ ಮಣ್ಣಿಗೆ ಸುಣ್ಣ ಹಾಕಬೇಕಾಗುತ್ತದೆ. ನಾಟಿಯ ಹಿಂದಿನ ದಿನ ಮಡಿಗೆ ನೀರು ಹಾಯಿಸಿ. ಒಣ ಮಣ್ಣಿನಲ್ಲಿ ಗುಣಿ ನಿಲ್ಲದೆ ಕುಸಿಯುತ್ತದೆ.

ಈಗ ಗುಣಿಯ ಮಾತು. ಇದೊಂದನ್ನು ಸರಿಯಾಗಿ ಮಾಡಿದರೆ ಉಳಿದದ್ದರಲ್ಲಿ ಅಲ್ಪಸ್ವಲ್ಪ ತಪ್ಪಿದರೂ ಬೆಳೆ ಬರುತ್ತದೆ. ಗುದ್ದಲಿಯ ಹಿಡಿಯಷ್ಟು, ಅಂದರೆ 4ರಿಂದ 5 ಸೆಂಟಿಮೀಟರ್ ದಪ್ಪದ ಗೂಟ ತೆಗೆದುಕೊಂಡು, ತುದಿಯಿಂದ 15 ಮತ್ತು 20 ಸೆಂಟಿಮೀಟರಿಗೆ ಗುರುತು ಹಾಕಿ. ಗೂಟವನ್ನು ನೆಲಕ್ಕೆ ನೆಟ್ಟಗೆ ಇಳಿಸಿ, ಅಲ್ಲಾಡಿಸಿ ಬಾಯಿ ಸ್ವಲ್ಪ ಅಗಲ ಮಾಡಿ ಎತ್ತಿ. ಗುಣಿಯಿಂದ ಗುಣಿಗೆ 15 ಸೆಂಟಿಮೀಟರ್, ಸಾಲಿನಿಂದ ಸಾಲಿಗೆ 30. ಈ ಲೆಕ್ಕದಲ್ಲಿ ಚದರ ಮೀಟರಿಗೆ 22 ಗಿಡ. ಪ್ರತಿ ಗುಣಿಗೂ ಒಂದು ಸಸಿಯನ್ನು ಬೇರು ತಳಮುಟ್ಟುವಂತೆ ಇಳಿಬಿಡಿ. ಬೇರು ಉದ್ದವಾಗಿ ಗೋಡೆಗೆ ಸಿಕ್ಕಿ ಮಡಚಿಕೊಳ್ಳುತ್ತಿದ್ದರೆ 3 ಸೆಂಟಿಮೀಟರ್ ಉಳಿಸಿ ಕತ್ತರಿಸಬಹುದು. ಎಲೆಯನ್ನೂ ಅರ್ಧಕ್ಕೆ ಕತ್ತರಿಸುವ ವಾಡಿಕೆ ಇದೆ. ನಮ್ಮ ಅಭಿಪ್ರಾಯದಲ್ಲಿ ಅದು ಬೇಡದ ಕೆಲಸ, ಚೇತರಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಸಸಿಯ ಊಟ ಕಸಿದಂತೆ. ಎಲೆತುದಿ ನೆಲಕ್ಕೆ ಒರಗುತ್ತಿದ್ದರೆ ಅಷ್ಟನ್ನು ಮಾತ್ರ ತೆಗೆಯಿರಿ.

ಆಮೇಲೆ ಕೈ ತಡೆಯುವುದು ಕಷ್ಟವಾದ ಘಟ್ಟ ಬರುತ್ತದೆ: ಗುಣಿಗೆ ಮಣ್ಣು ತುಂಬಬಾರದು. ಒಂದು ಲೋಟ ನೀರನ್ನು ನಿಧಾನವಾಗಿ ಗುಣಿಗೆ ಹುಯ್ಯಿರಿ, ಅಷ್ಟೇ. ನೀರಿನ ಜತೆ ಜಾರುವ ಚೂರು ಮಣ್ಣು ಬೇರು ಮುಚ್ಚಲು ಸಾಕು. ಉಳಿದ ಖಾಲಿ ಜಾಗ ಕಾಂಡ ದಪ್ಪವಾಗಲು ಬೇಕು. ಮುಂದೆ ಪ್ರತಿ ಸಲ ನೀರು ಕೊಟ್ಟಾಗಲೂ ಗುಣಿ ತಾನಾಗಿ ಸ್ವಲ್ಪ ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಮಣ್ಣು ತುರುಕಿ ಒತ್ತಿದರೆ ಎರಡು ನಷ್ಟ: ಎಲೆಗಳ ನಡುವೆ ಮರಳು ಸೇರುತ್ತದೆ, ಕಾಂಡ ಸಪೂರಾಗಿಯೇ ಉಳಿಯುತ್ತದೆ. ಜಿಗುಟು ಮಣ್ಣಿನಲ್ಲಿ ಗೂಟ ಒತ್ತಿದ ಗೋಡೆ ಗಡಿಗೆಯಂತೆ ಗಟ್ಟಿಯಾಗಿ ಬೇರು ಹೊರಹೋಗಲಾರದು. ಅಲ್ಲಿ ಗುಣಿಯ ಬದಲು 15 ಸೆಂಟಿಮೀಟರ್ ಆಳದ ಕಾಲುವೆ ತೋಡಿ, ತಳದಲ್ಲಿ ನೆಟ್ಟು, ಗಿಡ ಏರಿದಂತೆ ಕಾಲುವೆ ಮುಚ್ಚುತ್ತ ಬರುವುದು ಸೂಕ್ತ.

ನಾಟಿಯಾದ ಆರು ವಾರಕ್ಕೆ ಮಣ್ಣು ಏರಿಸಲು ಶುರು ಮಾಡಬಹುದು. ಒಂದು ಸಲಕ್ಕೆ 5 ಸೆಂಟಿಮೀಟರ್, ಎರಡು ಮೂರು ವಾರಕ್ಕೊಮ್ಮೆ. ಪುಡಿಯಾದ, ಒಣಗಿದ ಮಣ್ಣೇ ಇರಲಿ, ಒದ್ದೆ ಮಣ್ಣು ಕಾಂಡಕ್ಕೆ ಅಂಟಿ ಕೊಳೆಸುತ್ತದೆ. ಎಲೆಗಳು ಎರಡು ಬದಿಗೆ ಒಡೆಯುವ ಕವಲಿಗಿಂತ ಒಂದು ಬೆರಳು ಕೆಳಗೇ ಮಣ್ಣು ನಿಲ್ಲಬೇಕು. ಕವಲು ದಾಟಿದರೆ ಮಣ್ಣು ನೇರ ಒಳಗೆ ಇಳಿದು, ಮುಂದೆ ಯಾವ ತೊಳೆತಕ್ಕೂ ಬಾರದಂತೆ ಕೂರುತ್ತದೆ. ಮಣ್ಣು ಏರಿಸುವ ಜಾಗ ಇಲ್ಲದವರು ದಪ್ಪ ರಟ್ಟಿನ ಕೊಳವೆಯನ್ನು 20 ಸೆಂಟಿಮೀಟರ್ ಕತ್ತರಿಸಿ, ಉದ್ದಕ್ಕೆ ಸೀಳಿ, ಕಾಂಡಕ್ಕೆ ಸಡಿಲವಾಗಿ ತೊಡಿಸಿ ದಾರ ಕಟ್ಟಿದರೆ ಬಿಳಿಯೂ ಬರುತ್ತದೆ, ಮರಳೂ ಇರುವುದಿಲ್ಲ. ಕೊಳವೆಯೊಳಗೆ ಬಸವನಹುಳು ಮನೆ ಮಾಡುವ ಸಂಭವವಿದೆ, ವಾರಕ್ಕೊಮ್ಮೆ ಇಣುಕಿ ನೋಡಿ.

ಬೇರು ಮೇಲುಮೇಲಿನದು, ಬೇರಿನ ರೋಮಗಳೂ ಕಡಿಮೆ. ಆದ್ದರಿಂದ ಆಳದ ತೇವ ಇದಕ್ಕೆ ಎಟಕುವುದಿಲ್ಲ. ಮಳೆಯಿಲ್ಲದ ವಾರದಲ್ಲಿ ಚದರ ಮೀಟರಿಗೆ 20ರಿಂದ 25 ಲೀಟರ್ ನೀರನ್ನು ಎರಡು ಕಂತಿನಲ್ಲಿ ಕೊಡಿ. ಒಣಹುಲ್ಲಿನ ಹೊದಿಕೆ ಇದ್ದರೆ ಇನ್ನೂ ಕಡಿಮೆ ಸಾಕು. ಒಂದು ತಿಂಗಳು ಬಾಯಾರಿದ ಲೀಕ್ ಆಮೇಲೆ ಎಷ್ಟು ಕುಡಿದರೂ ಮೃದುವಾಗುವುದಿಲ್ಲ. ಮೇಲುಗೊಬ್ಬರವಾಗಿ ನಾಟಿಯ ನಂತರದ ಎರಡನೆಯ ಮತ್ತು ಮೂರನೆಯ ತಿಂಗಳಲ್ಲಿ ಗಿಡಕ್ಕೊಂದು ಹಿಡಿ ಎರೆಗೊಬ್ಬರ ಹಾಕಿ, ಅಲ್ಲಿಗೆ ನಿಲ್ಲಿಸಿ. ಸಾರಜನಕ ಕೊನೆಯವರೆಗೂ ಸುರಿದರೆ ಎಲೆ ಸೊಂಪಾಗಿ, ಒಳಗೆ ನೀರಾಗಿ, ತುಕ್ಕುರೋಗಕ್ಕೆ ಹಾಸಿಗೆ ಹಾಸಿಕೊಟ್ಟಂತಾಗುತ್ತದೆ.

ಕುಂಡದಲ್ಲಿ ಬೆಳೆಯುವವರಿಗೆ 30 ಸೆಂಟಿಮೀಟರ್ ಅಗಲ, 35 ಸೆಂಟಿಮೀಟರ್ ಆಳದ ಪಾತ್ರೆಯಲ್ಲಿ ಐದು ಗಿಡ. ಮೊದಲು ಅರ್ಧ ಮಾತ್ರ ಮಣ್ಣು ತುಂಬಿ ನೆಟ್ಟು, ಗಿಡ ಏರಿದಂತೆ ಮೇಲಕ್ಕೆ ತುಂಬುತ್ತ ಹೋದರೆ ಕುಂಡವೇ ಮಣ್ಣು ಏರಿಸುವ ಸಾಲಾಗುತ್ತದೆ. ಅಂಗಡಿಯಿಂದ ತಂದ ಲೀಕಿನ ಬುಡವನ್ನು ಲೋಟದ ನೀರಿನಲ್ಲಿಟ್ಟರೆ ಮತ್ತೆ ಲೀಕ್ ಸಿಗುತ್ತದೆ ಎಂಬ ಪ್ರಚಾರವೂ ಇದೆ. ಸಿಗುವುದು ಒಂದೆರಡು ವಾರ ಕತ್ತರಿಸಿಕೊಳ್ಳಲು ಎಳೆ ಎಲೆ. ದಪ್ಪ ಕಾಂಡದ ಆಸೆ ಬೇಡ.

ರೋಗ ಕೀಟಗಳಲ್ಲಿ ಮನೆಯಂಗಳದಲ್ಲಿ ಹೆಚ್ಚು ಕಾಣುವುದು ಎರಡು. ಎಲೆಯ ಮೇಲೆ ಕಿತ್ತಳೆ ಬಣ್ಣದ ಪುಡಿಗುಳ್ಳೆ ಎದ್ದರೆ ಅದು ತುಕ್ಕುರೋಗ, ಪಕ್ಸೀನಿಯಾ ಎಂಬ ಶಿಲೀಂಧ್ರ. ಹಬ್ಬಿದ ಎಲೆ ಕಿತ್ತು ದೂರ ಹಾಕಿ, ಸಾಲಿನ ನಡುವೆ ಗಾಳಿಯಾಡಲು ಬಿಡಿ, ಎಲೆಗೆ ನೀರು ಚಿಮುಕಿಸಬೇಡಿ. ಒಳಗಿನ ಬಿಳಿಭಾಗ ತಿನ್ನಲು ಅಡ್ಡಿಯಿಲ್ಲ. ಎಲೆಯ ಮೇಲೆ ಬೆಳ್ಳಿಗೆರೆ ಮೂಡಿ ಬಣ್ಣ ಮಾಸಿದರೆ ಥ್ರಿಪ್ಸ್ ನುಸಿ. ಇದು ಒಣ ಸೆಕೆಯಲ್ಲಿ, ಎಲೆಗಳ ಮಡಿಕೆಯೊಳಗೆ ಅಡಗಿ ರಸ ಹೀರುತ್ತದೆ. ಮೇಲೆ ಮೇಲೆ ಸಿಂಪಡಿಸಿದರೆ ಅದಕ್ಕೆ ತಾಗುವುದೇ ಇಲ್ಲ. ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಕರಗಲು ಒಂದಿಷ್ಟು ಸಾಬೂನು ಬೆರೆಸಿ, ಸಂಜೆ ಹೊತ್ತು ಕವಲಿನೊಳಗೆ ಇಳಿಯುವಂತೆ ಸಿಂಪಡಿಸಬೇಕು, ವಾರದ ಅಂತರದಲ್ಲಿ ಮೂರು ಸಲ. ಲೀಕ್ ಪತಂಗ, ಎಲೆ ಕೊರೆಯುವ ನೊಣ ಇರುವ ಪ್ರದೇಶಗಳಲ್ಲಿ ಔಷಧಿಗಿಂತ ಸಣ್ಣ ಕಣ್ಣಿನ ಬಲೆಯೇ ನಂಬಿಕೆಯದು. ನೆಟ್ಟ ದಿನವೇ ಹೊದಿಸಿ ಅಂಚನ್ನು ಮಣ್ಣಿನಲ್ಲಿ ಹೂಳಿ. ಹುಳು ಒಳಗೆ ಸೇರಿದ ಮೇಲೆ ಹೊದಿಸಿದರೆ ಅದು ಹುಳುವಿಗೆ ಕಾವಲು.

ಹೆದರಬೇಕಾದ್ದು ಬಿಳಿಕೊಳೆ ರೋಗಕ್ಕೆ. ಬುಡದಲ್ಲಿ ಹತ್ತಿಯಂಥ ಬೂಸು, ಅದರಲ್ಲಿ ಗಸಗಸೆಯಷ್ಟು ಕಪ್ಪು ಕಾಳು. ಆ ಕಾಳುಗಳು ಮಣ್ಣಿನಲ್ಲಿ 20 ವರ್ಷದವರೆಗೂ ಜೀವ ಹಿಡಿದಿರಬಲ್ಲವು, ಮನೆಮದ್ದು ಯಾವುದೂ ಇಲ್ಲ. ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ಅಗೆದು ತೆಗೆಯಿರಿ, ಕಾಂಪೋಸ್ಟಿಗೆ ಹಾಕಬೇಡಿ, ಸನಿಕೆ ಚಪ್ಪಲಿ ತೊಳೆಯದೆ ಬೇರೆ ಮಡಿಗೆ ಹೋಗಬೇಡಿ. ಆ ಜಾಗದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಲೀಕ್ ಮರೆತುಬಿಡಿ. ರೋಗವಿಲ್ಲದ ಮಡಿಯಲ್ಲೂ ಈ ಮೂರನ್ನು ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಬರುವಂತೆ ಸರದಿ ಹಾಕಿಕೊಳ್ಳುವುದು ಕ್ಷೇಮ. ಇಲ್ಲಿ ಮಾತ್ರ ಲೀಕನ್ನು ಈರುಳ್ಳಿಯ ಮನೆಯವನೆಂದೇ ಎಣಿಸಬೇಕು.

ಹೂದಂಟು ಎದ್ದಿತೆಂದು ಗಾಬರಿಯಾಗುವವರು ಬಹಳ. ಲೀಕ್ ಎರಡು ವರ್ಷದ ಗಿಡ. ಪೆನ್ಸಿಲ್ ದಪ್ಪ ದಾಟಿದ ಮೇಲೆ ಹಲವು ವಾರ ಚಳಿ ಕಂಡು, ನಂತರ ದಿನ ಉದ್ದವಾದರೆ "ವರ್ಷ ಕಳೆಯಿತು" ಎಂದು ತಿಳಿದು ಹೂವಿಗೆ ಹೊರಡುತ್ತದೆ. ನಡುವೆ ಗಟ್ಟಿ ದಂಟು ಕೈಗೆ ಸಿಕ್ಕಿದ ದಿನವೇ ಕಿತ್ತು, ಉದ್ದಕ್ಕೆ ಸೀಳಿ ದಂಟು ಎಸೆದರೆ ಹೊರಗಿನ ಪದರ ಅಡುಗೆಗೆ ಬರುತ್ತದೆ. ದಂಟನ್ನು ಮೊಗ್ಗಿನಲ್ಲೇ ಮುರಿದು ಗಿಡ ಬಿಟ್ಟರೆ ಬುಡದಲ್ಲಿ ಮುತ್ತಿನಂಥ ಪುಟ್ಟ ಗೆಡ್ಡೆಗಳು ಕಟ್ಟುತ್ತವೆ. ಉಪ್ಪಿನಕಾಯಿಗೂ ಚೆಂದ, ನೆಡಲೂ ಆಗುತ್ತದೆ. ಬೀಜಕ್ಕೇ ಬಿಡುವುದಾದರೆ ಒಂದೆರಡು ಗಿಡ ಸಾಲದು, ಕನಿಷ್ಠ 16 ಗಿಡ ಒಟ್ಟಿಗೆ ಹೂಬಿಡಬೇಕು. ಇಲ್ಲದಿದ್ದರೆ ಮುಂದಿನ ಪೀಳಿಗೆ ಸೊರಗುತ್ತದೆ.

ಕೀಳುವಾಗ ಎಲೆ ಹಿಡಿದು ಎಳೆಯಬೇಡಿ, ಕಾಂಡ ನಡುವೆ ತುಂಡಾಗಿ ಅರ್ಧ ಬಿಳಿ ನೆಲದಲ್ಲೇ ಉಳಿಯುತ್ತದೆ. ಒಂದು ಗೇಣು ದೂರದಲ್ಲಿ ಸನಿಕೆ ಇಳಿಸಿ ಮಣ್ಣು ಸಡಿಲಿಸಿ ಎತ್ತಿ. ಸ್ಪರ್ಧೆಗೆ ಬೆಳೆಸುವವರು ತೋಳಿನಷ್ಟು ದಪ್ಪ ಮಾಡಲಿ, ಊಟಕ್ಕೆ 2ರಿಂದ 3 ಸೆಂಟಿಮೀಟರ್ ದಪ್ಪದ್ದೇ ಮೇಲು. ಅಡುಗೆಗೆ ಬೇಕಾದಾಗ ಬೇಕಾದಷ್ಟೇ ಕೀಳಬಹುದು, ತಂಪಿನಲ್ಲಿ ವಾರಗಟ್ಟಲೆ ಮಡಿಯಲ್ಲೇ ಕಾಯುತ್ತದೆ. ಕಿತ್ತದ್ದನ್ನು ತೊಳೆಯದೆ, ಎಲೆತುದಿ ಕತ್ತರಿಸಿ, ಚೀಲದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಹತ್ತು ಹದಿನೈದು ದಿನ. ಸುತ್ತದಿದ್ದರೆ ಪಕ್ಕದ ಬೆಣ್ಣೆ ಹಾಲಿಗೆಲ್ಲ ಅದರದೇ ವಾಸನೆ.

ಇನ್ನು ಅಡುಗೆಮನೆ. ಒಂದು ಕಿಲೋ ಲೀಕ್ ತಂದರೆ ಕೈಗೆ ಉಳಿಯುವುದು ಅರ್ಧ ಕಿಲೋಕ್ಕಿಂತ ಸ್ವಲ್ಪ ಹೆಚ್ಚು. ಇದನ್ನು ಹೇಳದೆ ಬರೆದ ಪಾಕವಿಧಾನಗಳೇ ಅಳತೆ ತಪ್ಪಿಸುತ್ತವೆ. ಬಿಳಿ, ತಿಳಿಹಸಿರು ಭಾಗ ಅಡುಗೆಗೆ. ಕಡುಹಸಿರು ಎಲೆಯಲ್ಲಿ ಹೊರಗಿನವು ತರಕಾರಿ ನೀರು ಕುದಿಸಲು. ಆದರೆ ಕಡುಹಸಿರನ್ನು ಒಂದೇ ಏಟಿಗೆ ಅಡ್ಡ ಕತ್ತರಿಸಿ ಎಸೆಯಬೇಡಿ, ನಡುವಿನ ಎಲೆಗಳು ಇನ್ನೂ ಒಂದು ಗೇಣು ಮೇಲಿನವರೆಗೂ ಎಳೆಯವು. ಪೆನ್ಸಿಲ್ ಕೆತ್ತುವಂತೆ ಹೊರ ಎಲೆಯನ್ನು ಕೆಳಗೆ, ಒಳ ಎಲೆಯನ್ನು ಮೇಲೆ ಕತ್ತರಿಸುತ್ತ ಹೋದರೆ ಅವು ಉಳಿಯುತ್ತವೆ. ಎಲೆಯೊಳಗಿಂದ ಲೋಳೆ ಜಿನುಗಿದರೆ ಕೊಳೆತಿದೆ ಎಂದುಕೊಳ್ಳಬೇಡಿ, ಅದು ಸಹಜ. ಕೊಳೆತದ್ದಕ್ಕೆ ಕೆಟ್ಟ ವಾಸನೆ ಇರುತ್ತದೆ.

ತೊಳೆಯುವ ಕ್ರಮ ಎರಡು. ಇಡಿಯಾಗಿ ಬೇಕಾದರೆ ಬೇರಿನ ಕಡೆ 4 ಸೆಂಟಿಮೀಟರ್ ಬಿಟ್ಟು ಉದ್ದಕ್ಕೆ ಸೀಳಿ, ಎಲೆತುದಿ ಕೆಳಗಾಗಿ ಹಿಡಿದು, ಹರಿಯುವ ನೀರಿನಲ್ಲಿ ಪದರಗಳನ್ನು ನೋಟಿನ ಕಟ್ಟು ಎಣಿಸಿದಂತೆ ಬಿಡಿಸುತ್ತ ತೊಳೆಯಿರಿ. ಬೇರು ಮೇಲಾಗಿದ್ದರೆ ಮಣ್ಣು ಹೊರಗೆ ಇಳಿಯುತ್ತದೆ, ತಲೆಕೆಳಗಾದರೆ ಬುಡಕ್ಕೆ ಸೇರುತ್ತದೆ. ಹೆಚ್ಚಿಕೊಂಡದ್ದಾದರೆ ದೊಡ್ಡ ಪಾತ್ರೆಯ ತಣ್ಣೀರಿನಲ್ಲಿ ಕೈಯಾಡಿಸಿ, ಎರಡು ನಿಮಿಷ ಬಿಟ್ಟು, ತೇಲುವ ಲೀಕನ್ನು ಕೈಯಿಂದ ಎತ್ತಿ ತೆಗೆಯಿರಿ. ಪಾತ್ರೆಯನ್ನೇ ಜರಡಿಗೆ ಬಗ್ಗಿಸಿದರೆ ತಳದಲ್ಲಿ ಕೂತ ಮರಳೆಲ್ಲ ಮತ್ತೆ ಅದರ ಮೇಲೆಯೇ ಸುರಿಯುತ್ತದೆ. ಎಷ್ಟೊಂದು ಮಂದಿ ಇದನ್ನೇ ಮಾಡಿ "ಮೂರು ಸಲ ತೊಳೆದರೂ ಮರಳು" ಎನ್ನುತ್ತಾರೆ.

ಕನ್ನಡದಲ್ಲಿ ಬಾಡಿಸುವುದು ಬೇರೆ, ಹುರಿಯುವುದು ಬೇರೆ. ಲೀಕಿಗೆ ಸಲ್ಲುವುದು ಮೊದಲನೆಯದು. ಈರುಳ್ಳಿಯ ಎಸಳು ದಪ್ಪ, ನೀರು ಹೆಚ್ಚು. ಅದು ಕೆಂಪಾಗುವ ಹೊತ್ತಿಗೆ ಒಳಗೂ ಬೆಂದಿರುತ್ತದೆ. ಲೀಕಿನ ಪದರ ಕಾಗದದಂತೆ ತೆಳು, ಉದ್ದಕ್ಕೆ ನಾರು. ಜೋರು ಉರಿಯಲ್ಲಿ ಅಂಚು ಮೊದಲು ಸುಟ್ಟು ಕಹಿಯಾಗುತ್ತದೆ, ನಾರು ಹಾಗೇ ಉಳಿಯುತ್ತದೆ. ಹೆಚ್ಚಿದ ಲೀಕ್ 500 ಗ್ರಾಂ, ಬೆಣ್ಣೆ 30 ಗ್ರಾಂ, ಉಪ್ಪು ಅರ್ಧ ಚಮಚ. ನಾರಿಗೆ ಅಡ್ಡವಾಗಿ 1 ಸೆಂಟಿಮೀಟರ್ ಬಿಲ್ಲೆ ಮಾಡಿ. ಉದ್ದ ಎಳೆ ಮಾಡಿದರೆ ಗಂಟಲಲ್ಲಿ ದಾರ ಎಳೆದಂತಾಗುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ, ಲೀಕ್ ಉಪ್ಪು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ. ತೊಳೆದಾಗ ಅಂಟಿದ ನೀರೇ ಸಾಕು, ನಡುನಡುವೆ ನಾಲ್ಕು ಸಲ ಕೈಯಾಡಿಸಿ. ಸಿರ್‌ ಎನ್ನುವ ಸದ್ದು ಬಂದರೆ ಉರಿ ಹೆಚ್ಚು. ಚಮಚದ ಅಂಚಿಗೆ ಸುಲಭವಾಗಿ ತುಂಡಾದರೆ ಹದ. ಕೊನೆಯ ಎರಡು ನಿಮಿಷ ಮುಚ್ಚಳ ತೆಗೆದು ನೀರು ಇಂಗಿಸಿದರೆ, ಮೊಟ್ಟೆಗೆ, ಅನ್ನಕ್ಕೆ, ಆಲೂಗಡ್ಡೆಗೆ ಯಾವುದಕ್ಕಾದರೂ ಕಲಸಬಹುದು.

ಸೂಪ್ ಮಾಡುವುದಾದರೆ ಹೀಗೆ ಬಾಡಿಸಿದ ಅಷ್ಟೇ ಲೀಕಿಗೆ 400 ಗ್ರಾಂ ಆಲೂಗಡ್ಡೆ, ಒಂದು ಲೀಟರ್ ನೀರು, 20 ನಿಮಿಷ ಕುದಿ. ಇಲ್ಲಿ ಕೆಡುವುದು ಮಿಕ್ಸಿಯಲ್ಲಿ. ಬೆಂದ ಆಲೂಗಡ್ಡೆಯನ್ನು ಜೋರಾಗಿ ತಿರುಗಿಸಿದರೆ ಪಿಷ್ಟ ಬಿಡುಗಡೆಯಾಗಿ ಸೂಪ್ ಗೋಂದಾಗುತ್ತದೆ. ಆಲೂಗಡ್ಡೆಯನ್ನು ಬೇರೆ ತೆಗೆದು ಕೈಯಲ್ಲಿ ಹಿಸುಕಿ, ಲೀಕನ್ನು ಮಾತ್ರ ರುಬ್ಬಿ, ಆಮೇಲೆ ಕೂಡಿಸಿ. ತಣ್ಣಗೆ ಬಡಿಸುವುದಾದರೆ ಉಪ್ಪನ್ನು ತಣಿದ ಮೇಲೆ ಇನ್ನೊಮ್ಮೆ ನೋಡಿ, ತಂಪಿನಲ್ಲಿ ರುಚಿ ಮಂಕಾಗುತ್ತದೆ.

ಇಡಿಯಾಗಿ ಬೇಯಿಸುವಾಗ ಆಗುವ ತಪ್ಪು ಅರ್ಧ ಬೇಯಿಸುವುದು. ಬೀನ್ಸಿನ ಹಾಗೆ ಕರುಕುರು ಇರಲಿ ಎಂದು ಇಳಿಸಿದ ಲೀಕ್ ಹಲ್ಲಿಗೆ ಕೀಚ್ ಎನ್ನುತ್ತದೆ, ನಾರು ಜಗಿದರೂ ಹರಿಯದು. ಲೀಟರಿಗೆ 10 ಗ್ರಾಂ ಉಪ್ಪು ಹಾಕಿದ ಕುದಿನೀರಿನಲ್ಲಿ ಎರಡೂವರೆ ಸೆಂಟಿಮೀಟರ್ ದಪ್ಪದ ಲೀಕಿಗೆ 10ರಿಂದ 12 ನಿಮಿಷ ಬೇಕು. ಬೇರಿನ ಕಡೆಯಿಂದ ಚುಚ್ಚಿದ ಚಾಕು ಬೆಣ್ಣೆಗೆ ಇಳಿದಂತೆ ಇಳಿಯಬೇಕು. ಬೆಂದದ್ದನ್ನು ಎಲೆ ಕೆಳಗಾಗಿ ಜರಡಿಗೆ ಒರಗಿಸಿ ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಮೆಲ್ಲಗೆ ಒತ್ತಿ. ಪದರಗಳೊಳಗೆ ಅಷ್ಟು ನೀರು ಅಡಗಿರುತ್ತದೆ. ಬೆಚ್ಚಗಿರುವಾಗಲೇ ಮೂರು ಚಮಚ ಎಣ್ಣೆ, ಒಂದು ಚಮಚ ವಿನೆಗರ್, ಒಂದು ಚಮಚ ಸಾಸಿವೆ ಪೇಸ್ಟ್, ಉಪ್ಪು ಕಲಸಿ ಹುಯ್ಯಿರಿ. ಹುಳಿಯನ್ನು ಬೇಯುವ ನೀರಿಗೇ ಹಾಕಿದರೆ ಹಸಿರು ಮಾಸಿ ಖಾಕಿಯಾಗುತ್ತದೆ. ಓವನ್ ಇದ್ದವರು ಸೀಳಿದ ಲೀಕಿಗೆ ಎಣ್ಣೆ ಸವರಿ 200 ಡಿಗ್ರಿಯಲ್ಲಿ 20 ನಿಮಿಷ ಮುಚ್ಚಿ, ಆಮೇಲೆ 10 ನಿಮಿಷ ತೆರೆದು ಬೇಯಿಸಿ. ಬೆಂದ ಮೇಲೆ ಕೆಂಪಾದರೆ ರುಚಿ, ಬೇಯುವ ಮೊದಲೇ ಕೆಂಪಾದರೆ ಕಹಿ.

ರೋಮಿನ ಚಕ್ರವರ್ತಿ ನೀರೋ ತನ್ನ ಕಂಠ ಚೆನ್ನಾಗಲೆಂದು ತಿಂಗಳಲ್ಲಿ ಕೆಲವು ದಿನ ಎಣ್ಣೆಯಲ್ಲಿ ಹಾಕಿದ ಲೀಕ್ ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ ಎಂದು ಪ್ರಾಚೀನ ರೋಮಿನ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಕಂಠದ ಮಾತು ಹೇಗಾದರೂ ಇರಲಿ, 100 ಗ್ರಾಂ ಹಸಿ ಲೀಕಿನಲ್ಲಿ 61 ಕಿಲೋಕ್ಯಾಲರಿ, ಸುಮಾರು 64 ಮೈಕ್ರೋಗ್ರಾಂ ಫೋಲೇಟ್, 47 ಮೈಕ್ರೋಗ್ರಾಂ ವಿಟಮಿನ್ ಕೆ ಇದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಹೆಚ್ಚು ತಿನ್ನಲು ಶುರು ಮಾಡುವ ಮೊದಲು ವೈದ್ಯರಿಗೆ ಹೇಳುವುದು ಒಳಿತು. ಈರುಳ್ಳಿ ತಿಂದರೆ ಹೊಟ್ಟೆ ಉಬ್ಬರಿಸುವವರಿಗೆ ಲೀಕಿನ ಬಿಳಿಭಾಗವೂ ಹಾಗೆಯೇ ಮಾಡೀತು, ಎರಡರಲ್ಲೂ ಫ್ರಕ್ಟಾನ್ ಎಂಬ, ಸುಲಭವಾಗಿ ಜೀರ್ಣವಾಗದ ಅಂಶ ಹೆಚ್ಚು. ಹಸಿರು ಎಲೆಯಲ್ಲಿ ಅದು ಕಡಿಮೆ, ಹೀಗಾಗಿ ಅವರಿಗೆ ಎಲ್ಲರೂ ಎಸೆಯುವ ಭಾಗವೇ ಒಗ್ಗುತ್ತದೆ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಇದನ್ನು ಯಾವ ರೂಪದಲ್ಲೂ ಕೊಡಬಾರದು. ಅವುಗಳ ಕೆಂಪು ರಕ್ತಕಣಗಳನ್ನು ಇದು ಒಡೆಯುತ್ತದೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಲೀಕ್ ಎಲೆ ಕುದಿಸಿದ ನೀರಿನಲ್ಲಿ ಅನ್ನ ಕಲಸಿ ನಾಯಿಯ ತಟ್ಟೆಗೆ ಹಾಕುವುದೂ ಇದರಲ್ಲಿ ಸೇರಿತು.

ಇತಿ,
ಕೈತೋಟದ ಕೆಲವು ಓದುಗರು